ಹೊರಬಾಗಿಲ ಅಳತೆ

ನದಿಯ ದಂಡೆಗೆ ದುರ್ಗವ್ವನ ಆಶ್ರಮ.

ಕಾವಿ ಇಲ್ಲ, ಗಂಟೆ ಇಲ್ಲ, ಪಾದಪೂಜೆ ಇಲ್ಲ. ತಗಡಿನ ಎರಡು ಕೋಣೆ, ಕೆಲವು ಹಳೆಯ ಕಂಪ್ಯೂಟರು, ರಕ್ತ ಪರೀಕ್ಷೆಯದೊಂದು ಪೆಟ್ಟಿಗೆ. ಸುತ್ತಲಿನ ಊರಿನವರು ಅದನ್ನು ಆಶ್ರಮ ಎಂದು ಕರೆದರು. ದುರ್ಗವ್ವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಒಂದು ಕಾಲಕ್ಕೆ ಅವಳು ದೊಡ್ಡ ಕಚೇರಿಯೊಂದರ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಯಾರೂ ಅಳಿಸದೆ ಬಡವರ ಹೆಸರು ಪಟ್ಟಿಯಿಂದ ಹೇಗೆ ಅಳಿದುಹೋಗುತ್ತದೆ ಎಂಬುದನ್ನು ಅಲ್ಲಿ ಕಲಿತಳು. ಕಲಿತ ಮೇಲೆ ಆ ಕುರ್ಚಿಯಲ್ಲಿ ಕೂರಲು ಅವಳಿಂದ ಆಗಲಿಲ್ಲ. ದಂಡೆಗೆ ಬಂದಳು. ಕಲಿಯಲು ಬಂದವರಿಗೆ ಕಲಿಸಿದಳು.

ಯಂಕೋಬ ಅವಳ ಶಿಷ್ಯ. ಚುರುಕಿನವನು. ಯಾರನ್ನೂ ನಂಬದವನು. ನಂಬಿ ಕೆಟ್ಟವರ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಮುಂಜಾನೆ ಅವನು ಅವ್ವನ ಮುಂದೆ ಬಂದು ನಿಂತ. ಅವ್ವ ಮೊರದಲ್ಲಿ ಜೋಳ ಹರವಿಕೊಂಡು ಹರಳು ಆರಿಸುತ್ತಿದ್ದಳು.

"ಎಸ್ತರ್ ಸಿಸ್ಟರ್ ಕಳ್ಳಿ, ಅವ್ವಾ," ಎಂದ.

"ಏನ ಕದ್ದಾಳ?"

"ರಕ್ತ."

ಅವ್ವನ ಕೈ ನಿಲ್ಲಲಿಲ್ಲ.

ಎಸ್ತರ್ ಆಶ್ರಮದ ನರ್ಸು. ಪೆಟ್ಟಿಗೆ ಹೊತ್ತು ಊರೂರು ತಿರುಗಿ ಬಸುರಿಯರ ರಕ್ತ, ಅಂದರೆ ಹಿಮೋಗ್ಲೋಬಿನ್, ನೋಡುವುದು ಅವಳ ಕೆಲಸ. ಬೆರಳಿಗೆ ಸೂಜಿ ಚುಚ್ಚಿ ಎರಡು ಸಲ ಅಳೆಯುತ್ತಾಳೆ. ಎರಡೂ ಅಂಕಿಯನ್ನು ಮೊಬೈಲಿಗೆ ಒತ್ತುತ್ತಾಳೆ. ಅವು ಆಶ್ರಮದ ಡೇಟಾಬೇಸಿಗೆ ಬರುತ್ತವೆ. ಅಲ್ಲೊಂದು ಫಂಕ್ಷನ್ ಇದೆ. ಫಂಕ್ಷನ್ ಎಂದರೆ ಡೇಟಾಬೇಸಿನೊಳಗೆ ಕೂತ ಸಣ್ಣ ಬರಹ. ಎರಡು ಅಂಕಿ ಒಳಗೆ ಹಾಕಿದರೆ ಸರಾಸರಿ ತೆಗೆದು ಒಂದು ಅಂಕಿ ಹೊರಗೆ ಕೊಡುತ್ತದೆ. ಆ ಒಂದೇ ಅಂಕಿ ಪಟ್ಟಿಗೆ ಹೋಗುತ್ತದೆ.

ಪಟ್ಟಿ ತೀರ್ಪು ಹೇಳುತ್ತದೆ. ರಕ್ತ ಏಳಕ್ಕಿಂತ ಕಡಿಮೆ ಇದ್ದವಳನ್ನು ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿ ರಕ್ತ ಏರಿಸಬೇಕು. ಏಳಿದ್ದರೆ, ಏಳರ ಮೇಲಿದ್ದರೆ, ಕಬ್ಬಿಣದ ಗುಳಿಗೆ ಕೊಟ್ಟು ಮನೆಗೆ. ಮೇಲಿನವರು ಬರೆದು ಕಳಿಸಿದ ನಿಯಮ ಅದು.

ಯಂಕೋಬ ಪಟ್ಟಿಯನ್ನು ಅವ್ವನ ಮುಂದೆ ಹಿಡಿದ. ಏಳು ಪಾಯಿಂಟ್ ಸೊನ್ನೆ. ಒಂಬತ್ತು ಪಾಯಿಂಟ್ ಸೊನ್ನೆ. ಎಂಟು ಪಾಯಿಂಟ್ ಸೊನ್ನೆ. ಹತ್ತು ಪಾಯಿಂಟ್ ಸೊನ್ನೆ. ಕೆಳಗಿನವರೆಗೂ ಅದೇ. ಚುಕ್ಕೆಯ ಆಚೆ ಸೊನ್ನೆ ಬಿಟ್ಟರೆ ಬೇರೆ ಅಂಕಿಯಿಲ್ಲ.

"ಯಾ ಹೆಂಗಸಿಗೂ ಅರ್ಧ ಇಲ್ಲ, ಕಾಲ್ ಇಲ್ಲ. ದೇವರೇನು ರಕ್ತಾನ ಸೇರಿನಾಗ ಹಾಕಿ ತಲಿ ಒರಸಿ ಕೊಟ್ಟಾನೇನ್ರಿ? ಮನ್ಯಾಗ ಕುಂತು ಬರದಾಳ ಅಕಿ."

ಅವನಲ್ಲಿ ಇನ್ನೂ ಸಾಕ್ಷಿ ಇತ್ತು. ಎಸ್ತರಳಿಗೆ ತಿಳಿಯದಂತೆ ಅವಳ ಬೆನ್ನು ಹತ್ತಿ ಹೋಗಿದ್ದ. ಊರ ಹೊರಗಿನ ಬೇವಿನ ಮರದ ಕೆಳಗೆ ಅವಳು ಒಬ್ಬಳೇ ಕೂತಿದ್ದಳಂತೆ. ಎದುರಿಗೆ ಬಸುರಿ ಇಲ್ಲ, ಪೆಟ್ಟಿಗೆ ತೆರೆದಿಲ್ಲ, ಮೊಬೈಲಿನಲ್ಲಿ ಅಂಕಿ ಒತ್ತುತ್ತಿದ್ದಳಂತೆ. ಒತ್ತಿ, ಎದ್ದು, ಬೋರಿಂಗಿನ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡಳಂತೆ.

ನಾಳೆ ಮುಂಜಾನೆ ಆಶ್ರಮದ ಕೆಲಸಗಾರರ ಸಭೆ. ಅಲ್ಲಿ ಎದ್ದು ನಿಂತು ಅವಳ ಹೆಸರು ಹೇಳುತ್ತೇನೆ ಎಂದ. ಹೇಳಿದರೆ ಅವಳು ಪೆಟ್ಟಿಗೆ ಇಟ್ಟು ಹೋಗಬೇಕಾಗುತ್ತದೆ. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಸುತ್ತಲಿನ ಯಾವ ಊರಿನ ಹೆಂಗಸೂ ಮತ್ತೆ ಬೆರಳು ಕೊಡುವುದಿಲ್ಲ. ಅದು ಯಂಕೋಬನಿಗೂ ಗೊತ್ತಿತ್ತು.

"ಅಕಿ ಹೋದ್ರ ಸೂಜಿ ಯಾರ ಹಿಡೀತಾರ?" ಅವ್ವ ಕೇಳಿದಳು.

"ಸುಳ್ಳಿ ಇರೂದಕ್ಕಿಂತ ಯಾರೂ ಇಲ್ಲದಿರೂದು ಚಲೋ."

ಅವ್ವ ಒಂದು ಹರಳು ಎತ್ತಿ ನೋಡಿ ಆಚೆ ಎಸೆದಳು.

"ನಿನ್ನ ಸಂಶಯ ಖರೆ ಐತಿ. ಈ ಪಟ್ಟಿ ಸುಳ್ಳ ಹೇಳಾಕತ್ತೈತಿ."

ಯಂಕೋಬನ ಮುಖ ಅರಳಿತು.

"ಸಂಶಯ ಖರೆ," ಎಂದಳು ಅವ್ವ. "ಅದನ್ನ ಕರಕೊಂಡು ಹೋಗಿ ಯಾರ ಮನಿ ಮುಂದ ನಿಂದರಿಸಿ ಬಂದಿ, ಅದು ಖರೆಯೋ ಅಲ್ಲೋ ಇನ್ನ ಗೊತ್ತಿಲ್ಲ. ಅಕಿನ್ನ ಕರಿ."

ಎಸ್ತರ್ ಬಂದಳು. ನಲವತ್ತು ದಾಟಿದ ಹೆಂಗಸು. ಯಂಕೋಬನ ಮಾತು ಕೇಳಿ ಅವಳು ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಓಣಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಬೇವಿನ ಮರದ ಕೆಳಗೆ ಸಿಗುತ್ತದೆ. ಅದಕ್ಕೇ ಅಲ್ಲಿ ಕೂತು ಒತ್ತುತ್ತೇನೆ ಎಂದಳು. ಅಲ್ಲಿಯವರೆಗೆ ಅಂಕಿ ಎಲ್ಲಿ ಇರುತ್ತವೆ ಎಂದು ಅವನು ಕೇಳಿದ. ಎಡಗೈ ಮೇಲೆ ಪೆನ್ನಿನಿಂದ ಬರೆದುಕೊಂಡಿರುತ್ತೇನೆ ಎಂದಳು.

ಆ ಕೈ ತೋರಿಸಿ ಎಂದ.

ತೋರಿಸಿದಳು. ಸ್ವಚ್ಛವಾಗಿತ್ತು.

"ತೊಳದ ಮ್ಯಾಲ ಎಲ್ಲಾರ ಕೈನೂ ಸ್ವಚ್ಛನ ಇರತಾವ," ಎಂದ ಯಂಕೋಬ. "ಹಾಳ್ಯಾಗ ಯಾಕ ಬರದಿಲ್ಲ?"

ಎಸ್ತರ್ ಅವನ ಕಡೆ ತಿರುಗಿದಳು. "ಕಾಗದ ಅಂದ್ರ ತಿದ್ದೂ ಜಾಗ, ಇನ್ನ ಮುಂದ ಆಶ್ರಮದಾಗ ಕಾಗದ ಬ್ಯಾಡ ಅಂತ ಹೋದ ವರ್ಸ ಸಭಾದಾಗ ಕೂಗ್ಯಾಡಿದಾವ ಯಾರು?"

ಕೂಗಿದವನು ಯಂಕೋಬನೇ. ಕೂಲಿಯ ಹಾಜರಿ ತಿದ್ದಿ ತಿಂದವರನ್ನು ಅವನು ಕಣ್ಣಾರೆ ಕಂಡಿದ್ದ.

ಹಾಗಾದರೆ ಮೊಬೈಲಿನಲ್ಲಿ ಎರಡು ಅಂಕಿಯೂ ಉಳಿದಿರಬೇಕಲ್ಲ ಎಂದು ಅವ್ವ ಕೇಳಿದಳು. ಇಲ್ಲ ಎಂದು ಯಂಕೋಬ ತಾನೇ ಒಪ್ಪಿಕೊಂಡ. ಅವು ನೇರ ಫಂಕ್ಷನ್‌ಗೆ ಹೋಗುತ್ತವೆ, ಬರುವ ಉತ್ತರ ಮಾತ್ರ ಉಳಿಯುತ್ತದೆ. ಕಸ ಯಾಕೆ ಕೂಡಿಡಬೇಕು ಎಂದು ಅವನೇ ಹಾಗೆ ಮಾಡಿಟ್ಟಿದ್ದ.

"ಅಂದ್ರ ಸಿಸ್ಟರಿನ ಕೈಗೂ ಈ ಪಟ್ಟಿಗೂ ನಡುವ ಯಾರ ಕುಂತಾರ?"

"ಯಾರೂ ಇಲ್ಲ ಅವ್ವಾ. ನನ್ನ ಫಂಕ್ಷನ್ ಅಷ್ಟ."

"ಅದರ ಬೆನ್ನ ಹತ್ತಿ ಹೋಗಿದ್ದೇನು?"

"ಅದನ್ನ ಬರದಾವ ನಾನ ಅದೀನಲ್ರಿ."

ಎಸ್ತರ್ ನಕ್ಕಳು. ಆ ನಗೆಯಲ್ಲಿ ಹಿತವಾದದ್ದು ಏನೂ ಇರಲಿಲ್ಲ.

ಯಂಕೋಬ ಸಿಟ್ಟಾದ. ಫಂಕ್ಷನ್ ಬರೆದ ದಿನವೇ ಪರೀಕ್ಷೆ ಮಾಡಿದ್ದೇನೆ ಎಂದ. ಎಂಟು ಮತ್ತು ಹತ್ತು ಹಾಕಿದ್ದ, ಒಂಬತ್ತು ಬಂದಿತ್ತು. ಆರು ಮತ್ತು ಎಂಟು ಹಾಕಿದ್ದ, ಏಳು ಬಂದಿತ್ತು. ಸಾಲು ಸಾಲೂ ನನಗೆ ಬಾಯಿಪಾಠ, ಬೇಕಾದರೆ ಹೇಳಲೇ ಎಂದ.

ಅವ್ವ ಬೇಡ ಎಂದಳು. ಮೊರವನ್ನು ಬದಿಗಿಟ್ಟು ಅವನನ್ನು ಎದುರಿಗೆ ಕೂರಿಸಿಕೊಂಡಳು.

"ನಾ ಕೇಳಿದ್ದಕ್ಕ ಉತ್ತರ ಕೊಡು. ಹೂಂ ಅನಬೇಕು, ಇಲ್ಲಾ ಊಹೂಂ ಅನಬೇಕು. ಮೂರನೇ ಮಾತಿಲ್ಲ. ಸುಮ್ನ ಇರೂ ಹಂಗೂ ಇಲ್ಲ. ಒಪ್ಪಿದೇನು?"

"ಹೂಂ."

"ನಿಮ್ಮಣ್ಣನ ಕಾಲು ನೆಟ್ಟಗಾತೇನು?"

ಯಂಕೋಬನ ಅಣ್ಣ ತಿಪ್ಪಣ್ಣ ಹರಗೋಲು ಹಾಕುವವನು. ಬೇಸಗೆಯಲ್ಲಿ ಬಂಡೆಯ ಮೇಲಿಂದ ಜಾರಿ ಕಾಲು ಮುರಿದುಕೊಂಡಿದ್ದ. ಈಗ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾನೆ. ಮೆಟ್ಟಿಲು ಹತ್ತಲಾರ. ನೋವು ಹೋಗಿದೆ, ಬಲ ಬಂದಿಲ್ಲ. ಯಂಕೋಬ ಒಂದು ಕ್ಷಣ ಅಳೆದು ನೋಡಿದ. ಆರಾಮದ ಪಾಲು ಸ್ವಲ್ಪ ಹೆಚ್ಚು ಅನ್ನಿಸಿತು.

"ಹೂಂ," ಎಂದ.

ಅವ್ವ ಎಸ್ತರಳ ಕಡೆ ತಿರುಗಿದಳು. ಹೊಳೆ ತುಂಬಿದೆ, ಆಚೆ ದಂಡೆಯವರು ಹರಗೋಲಿಗೆ ಜನವಿಲ್ಲ ಎಂದು ಹೇಳಿ ಕಳಿಸಿದ್ದಾರೆ, ಇವತ್ತು ಮಧ್ಯಾಹ್ನದಿಂದ ತಿಪ್ಪಣ್ಣ ಬರುತ್ತಾನೆ ಎಂದು ಅವರಿಗೆ ಫೋನ್ ಮಾಡು ಎಂದಳು. ಎಸ್ತರ್ ಮೊಬೈಲ್ ತೆಗೆದು ಹಚ್ಚಿಯೇ ಬಿಟ್ಟಳು.

ಯಂಕೋಬ ಎದ್ದು ನಿಂತ. "ಅವ್ವಾ, ಅಂವ ಮುಳುಗಿ ಸಾಯ್ತಾನ."

"ನೀ ಹೂಂ ಅಂದಿ."

"ಅರ್ಧ ಆರಾಮ ಆಗ್ಯಾನ ಅನ್ನಾಕ ನೀವು ಜಾಗಾನ ಕೊಡಲಿಲ್ಲಲ್ರಿ."

ಅವ್ವ ಎಸ್ತರಳಿಗೆ ಕೈ ಸನ್ನೆ ಮಾಡಿದಳು. ಎಸ್ತರ್ ಫೋನ್ ಕಟ್ ಮಾಡಿದಳು.

"ಸುಳ್ಳ ಹೇಳಿದೇನು?"

"ಇಲ್ಲ."

"ತಲಿಯೊಳಗ ಖರೆ ಇತ್ತೇನು?"

"ಇತ್ತು."

"ಹೊರಗ ಬಂದದ್ದು?"

"ಬರೇ ಹೂಂ."

"ನಿನ್ನ ಫಂಕ್ಷನ್ ಒಳಗ ಎಷ್ಟ ಶ್ಯಾಣ್ಯಾ ಐತಿ ಅಂತ ನನಗ ಹೇಳಬ್ಯಾಡ," ಎಂದಳು ಅವ್ವ. "ಹೊರಗ ಬರಾಕ ಅದಕ್ಕ ಎಷ್ಟ ಜಾಗ ಕೊಟ್ಟೀ?"

ಯಂಕೋಬ ಕಂಪ್ಯೂಟರಿನ ಮುಂದೆ ಕೂತ. ತನ್ನ ಬರಹ ತೆರೆದ. ಒಳಗಿನ ಪ್ರತಿ ಹೆಸರಿನ ಮುಂದೆ ಅಳತೆ ಬರೆದಿತ್ತು. ಒಟ್ಟು ಇಷ್ಟು ಅಂಕಿ, ಚುಕ್ಕೆಯ ಆಚೆ ಒಂದು. ಮೊದಲ ಅಂಕಿಗೆ ಬರೆದಿದ್ದ, ಎರಡನೆಯದಕ್ಕೆ ಬರೆದಿದ್ದ, ಪಟ್ಟಿಯ ಅಂಕಣಕ್ಕೂ ಬರೆದಿದ್ದ. ಬೆರಳಿಟ್ಟು ಒಂದೊಂದೇ ಎಸ್ತರಳಿಗೆ ತೋರಿಸಿದ.

"ಅದೆಲ್ಲ ಒಳಗಿಂದು," ಎಂದಳು ಅವ್ವ. "ಹೊರಗ ಕೊಡೂದು ಏನಂತ ಬರದಿ?"

ಬರಹದ ತಲೆಯಲ್ಲಿ ಅದಕ್ಕೊಂದು ಜಾಗವಿತ್ತು. ಈ ಫಂಕ್ಷನ್ ಹಿಂದಿರುಗಿಸುವುದು ಇಂಥದ್ದು ಎಂದು ಅಲ್ಲಿ ಹೇಳಬೇಕು. ಯಂಕೋಬ ಅಲ್ಲಿ ಡೆಸಿಮಲ್ ಎಂದಷ್ಟೇ ಬರೆದಿದ್ದ. ಅಳತೆ ಬರೆದಿರಲಿಲ್ಲ.

"ಡೆಸಿಮಲ್ ಅಂದಮ್ಯಾಲ ಪಾಯಿಂಟ್ ಇದ್ದ ಇರತೈತಲ್ರಿ," ಎಂದ.

"ಇರತೈತೇನು?"

"ಹೆಸರ ಹೇಳತೈತಲ್ಲ."

"ಹೆಸರ ನಂಬಿ ಹಾಳಾಗಬ್ಯಾಡ್ರಿ ಅಂತ ಊರ ತುಂಬ ಭಾಷಣ ಮಾಡಾವ ನೀ," ಎಂದಳು ಅವ್ವ. "ಅನ್ನದಾತ ಅಂತ ಹೆಸರಿಟ್ಟುಕೊಂಡಾವನ ಮನ್ಯಾಗ ಎಷ್ಟ ಮಂದಿ ಉಂಡಾರ?"

ಯಂಕೋಬನ ಬೆರಳು ಕೀಲಿಮಣೆಯ ಮೇಲೆ ಹೋಯಿತು. ಈಗಲೇ ಫಂಕ್ಷನ್‌ಗೆ ಎರಡು ಅಂಕಿ ಕೊಟ್ಟು ನೋಡುತ್ತೇನೆ, ಏನು ಕೊಡುತ್ತದೋ ಕೊಡಲಿ ಎಂದ. ಅವ್ವ ಅವನ ಕೈ ತಡೆದಳು.

"ಅಂಕಿ ಕೊಟ್ಟು ಅದನ್ನ ಕರೀಬ್ಯಾಡ. ಕರದ್ರ ಒಂದ ಉತ್ತರ ಕೊಡತೈತಿ. ಆ ಒಂದ ಸರಿ ಬಂದ್ರ ಮತ್ತ ನಂಬತಿ. ಎಂಟು ಹತ್ತು ಹಾಕಿ ನಂಬಿದ್ದಿ ಅಲ್ಲ, ಹಂಗ. ಏನ ಕೊಡತೀನಿ ಅಂತ ಅದು ಒಪ್ಪಿಕೊಂಡೈತಿ, ಅದನ್ನ ಕೇಳು."

"ಅದನ್ನ ಯಾರನ್ನ ಕೇಳೂದ್ರಿ?"

"ಡೇಟಾಬೇಸನ್ನ. ತನ್ನ ಮನಿಯಾಗ ಇರೋ ಪ್ರತಿಯೊಬ್ಬರ ಜಾತಕ ಅದರ ಹತ್ರ ಇರತೈತಿ."

ಯಂಕೋಬ ಕೇಳಿದ. ಡೇಟಾಬೇಸ್ ತನ್ನೊಳಗಿನ ಫಂಕ್ಷನ್‌ಗಳ ವಿವರವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಏನೇನು ಒಳಗೆ ಬರುತ್ತದೆ, ಯಾವ ಅಳತೆಯಲ್ಲಿ ಎಂದು ಸಾಲಾಗಿ. ಅವನು ಸಾಲು ಓದಿದ. ಒಂದನೆಯ ಸ್ಥಾನದಲ್ಲಿ ಮೊದಲ ಅಂಕಿ. ಎರಡನೆಯ ಸ್ಥಾನದಲ್ಲಿ ಎರಡನೆಯ ಅಂಕಿ. ಎರಡಕ್ಕೂ ಚುಕ್ಕೆಯ ಆಚೆ ಒಂದು. ಮೂರನೆಯ ಸ್ಥಾನ ಇರಲಿಲ್ಲ.

"ಹೊರಗ ಬರೂದರ ಸುದ್ದಿನ ಇಲ್ಲ, ಅವ್ವಾ. ಎರಡಕ್ಕ ಮುಗೀತು."

"ಎಲ್ಲಿ ನೋಡಿದಿ?"

"ಎರಡರ ಮುಂದ."

"ಒಂದರ ಹಿಂದ ನೋಡು."

ಒಂದರ ಹಿಂದೆ ಏನಿರುತ್ತದೆ ಎಂದು ಕೇಳಲು ಹೊರಟವನಿಗೆ ತಾನೇ ಹೊಳೆಯಿತು. ಸೊನ್ನೆಯ ಸ್ಥಾನ ಕೇಳಿದ.

ಅಲ್ಲಿ ಒಂದು ಸಾಲು ಕೂತಿತ್ತು. ಉಳಿದ ಎರಡಕ್ಕೆ ಹೆಸರಿತ್ತು, ಇದಕ್ಕೆ ಹೆಸರಿರಲಿಲ್ಲ. ಹಿಂದಿರುಗಿಸುವ ಬೆಲೆ ಅದೇ. ಅದರ ಎದುರು ಅಳತೆ ಬರೆದಿತ್ತು. ಒಟ್ಟು ಅಂಕಿ ಹದಿನೆಂಟು. ಚುಕ್ಕೆಯ ಆಚೆ ಸೊನ್ನೆ.

ಯಂಕೋಬ ಮತ್ತೆ ಓದಿದ. ಹದಿನೆಂಟು ಅಂಕಿಯ ಜಾಗ ಇತ್ತು. ಯಾವ ಹೆಂಗಸಿನ ರಕ್ತಕ್ಕೂ, ಊರಿನ ಎಲ್ಲ ಹೆಂಗಸರ ರಕ್ತ ಕೂಡಿಸಿದರೂ ಬೇಕಾಗದಷ್ಟು ಜಾಗ. ಅರ್ಧಕ್ಕೆ ಮಾತ್ರ ಜಾಗ ಇರಲಿಲ್ಲ.

"ಇದನ್ನ ನಾ ಬರದಿಲ್ಲ," ಎಂದ.

"ಅದಕ್ಕ ಅದು ತಾನ ಬರಕೊಂತು. ನೀ ಖಾಲಿ ಬಿಟ್ಟ ಜಾಗದಾಗ ಯಾವಾಗಲೂ ಇನ್ನೊಬ್ಬರು ಬರಕೊಂಡಿರತಾರ, ಯಂಕೋಬ."

ಎಸ್ತರ್ ಎದ್ದು ಪರದೆಯ ಹತ್ತಿರ ಬಂದಳು. ಇದರ ಅರ್ಥ ಏನು, ಬಿಡಿಸಿ ಹೇಳು ಎಂದಳು. ಯಂಕೋಬ ತಲೆ ತಗ್ಗಿಸಿ ಬಿಡಿಸಿದ. ಒಳಗೆ ಸರಾಸರಿ ಸರಿಯಾಗಿಯೇ ಬರುತ್ತದೆ. ಆರು ಪಾಯಿಂಟ್ ಆರು ಬಂದರೆ ಆರು ಪಾಯಿಂಟ್ ಆರೇ. ಹೊರಬಾಗಿಲಲ್ಲಿ ಚುಕ್ಕೆಯ ಆಚೆಗೆ ಜಾಗವಿಲ್ಲ. ಆದ್ದರಿಂದ ಹತ್ತಿರದ ಇಡೀ ಅಂಕಿಗೆ ಅದನ್ನು ತಳ್ಳಿಬಿಡುತ್ತದೆ. ಆರು ಪಾಯಿಂಟ್ ಆರು ಹೊರಗೆ ಬರುವಾಗ ಏಳು. ಪಟ್ಟಿಯಲ್ಲಿ ಚುಕ್ಕೆಯ ಆಚೆ ಒಂದು ಮನೆ ಖಾಲಿ ಇರುವುದರಿಂದ ಅಲ್ಲಿ ಸೊನ್ನೆ ಕೂರುತ್ತದೆ.

"ಅಂದ್ರ ನಾ ಆರೂವರಿ ಕಳಿಸಿದ್ರ ನೀ ಏಳು ಬರಕೊಂತಿ."

"ಹೂಂ."

"ಇಲ್ಲದ ರಕ್ತ ಹಾಳಿ ಮ್ಯಾಲ ಕೊಟ್ಟು, ಅವರನ್ನ ಗಾಡಿಯಿಂದ ಇಳಿಸಿ, ಗುಳಗಿ ಕೊಟ್ಟು ಮನಿಗೆ ಕಳಸತಿ."

"ಹೂಂ."

"ಆಮ್ಯಾಲ ನನ್ನ ಕಳ್ಳಿ ಅಂತಿ."



ಆರೂವರೆಯಿಂದ ಏಳರೊಳಗೆ ಇದ್ದವರು ಯಾರು ಯಾರು ಎಂದು ಅವ್ವ ಕೇಳಿದಳು. ಎಸ್ತರಳಿಗೆ ನೆನಪಿರಲಿಲ್ಲ; ಅಷ್ಟು ಊರು, ಅಷ್ಟು ಬೆರಳು. ಯಂಕೋಬ ಡೇಟಾಬೇಸಿನ ಎಲ್ಲ ಮೂಲೆ ಹುಡುಕಿದ. ಬಾಗಿಲಲ್ಲಿ ತಳ್ಳಿಹೋದ ಚೂರು ಎಲ್ಲಿಯೂ ಉಳಿದಿರಲಿಲ್ಲ. ಏಳು ಎಂದು ಬರೆದದ್ದರಲ್ಲಿ ನಿಜವಾದ ಏಳು ಯಾವುದು, ಮಾಡಿದ ಏಳು ಯಾವುದು ಎಂದು ಹೇಳಲು ಯಾವ ದಾರಿಯೂ ಇರಲಿಲ್ಲ.

"ಹಂಗಾರ ಏಳು ಅಂತ ಇದ್ದ ಎಲ್ಲಾರ ಬೆರಳಿಗೂ ಮತ್ತ ಚುಚ್ಚಬೇಕು," ಎಂದಳು ಎಸ್ತರ್.

ಪೆಟ್ಟಿಗೆ ತಂದು ಅವನ ಮುಂದೆ ಇಟ್ಟಳು. ಹೊರು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಹೊರಡುವ ಮುಂಚೆ ಯಂಕೋಬ ಫಂಕ್ಷನ್ ತಿದ್ದಿದ. ಹೊರಬಾಗಿಲಿಗೂ ಅಳತೆ ಬರೆದ. ಎಷ್ಟು ಜಾಗ ಕೊಟ್ಟೆ ಎಂದು ಅವ್ವ ಕೇಳಿದಳು. ಚುಕ್ಕೆಯ ಆಚೆ ಒಂದು, ಪೆಟ್ಟಿಗೆ ತೋರಿಸುವುದೇ ಒಂದು ಎಂದ.

ಅವ್ವ ಮತ್ತೆ ಮೊರ ಎಳೆದುಕೊಂಡಳು.

ಮಧ್ಯಾಹ್ನದ ಬಿಸಿಲಲ್ಲಿ ಅವರು ಮೂರು ಓಣಿ ಮುಗಿಸಿದರು. ಕೆಲವರದು ನಿಜಕ್ಕೂ ಏಳರ ಮೇಲಿತ್ತು. ಇಬ್ಬರದು ಇರಲಿಲ್ಲ. ಅವರ ಹೆಸರನ್ನು ಯಂಕೋಬ ತಾನೇ ಗಾಡಿಯವನಿಗೆ ಹೇಳಿ ಕಳಿಸಿದ.

ಕೊನೆಯ ಓಣಿಯಲ್ಲಿ ಹುಲಿಗೆಮ್ಮನ ಮನೆ. ತುಂಬಿದ ಬಸುರಿ. ಪಾದ ಬಾತುಕೊಂಡಿದ್ದವು. ತುಟಿಯಲ್ಲಿ ಬಣ್ಣ ಇರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ನಡುನಡುವೆ ಕೈ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು.

"ಮತ್ತ ಬಂದ್ರೇನು," ಎಂದಳು. "ಉಳದದ್ದನ್ನೂ ಹಿಂಡಿಕೊಂಡು ಹೋಗ್ರಿ. ಹೋದ ಸಲ ಏಳು ಐತಿ, ಏನೂ ಚಿಂತಿಲ್ಲ ಅಂದಿದ್ರಿ."

ಎಸ್ತರ್ ಅವಳ ಬೆರಳು ಒರೆಸಿ ಚುಚ್ಚಿದಳು. ಆರು ಪಾಯಿಂಟ್ ಒಂಬತ್ತು. ಇನ್ನೊಂದು ಬೆರಳು ಚುಚ್ಚಿದಳು. ಏಳು ಪಾಯಿಂಟ್ ಸೊನ್ನೆ. ಎರಡನ್ನೂ ಎಡಗೈ ಮೇಲೆ ಬರೆದುಕೊಂಡಳು.

ಓಣಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಇಬ್ಬರೂ ಬೇವಿನ ಮರದ ಕೆಳಗೆ ಹೋಗಿ ಕೂತರು. ಎಸ್ತರ್ ಅಂಕಿ ಒತ್ತಿದಳು. ಉತ್ತರ ಬಂತು. ಅವಳು ಮೊಬೈಲನ್ನು ಅವನ ಕಣ್ಣಿನ ಮುಂದೆ ಹಿಡಿದಳು.

ಏಳು ಪಾಯಿಂಟ್ ಸೊನ್ನೆ.

"ಇದೂ ನಂದ ಕಳ್ಳತನ ಏನು?" ಎಂದಳು.

ಯಂಕೋಬ ಅವಳ ಕೈ ನೋಡಿದ. ಮೊಬೈಲ್ ನೋಡಿದ. ಮನಸ್ಸಿನಲ್ಲೇ ಕೂಡಿಸಿದ, ಎರಡು ಪಾಲು ಮಾಡಿದ. ಆರು ಪಾಯಿಂಟ್ ಒಂಬತ್ತು ಐದು. ಪೆಟ್ಟಿಗೆ ತೋರಿಸುವುದು ಒಂದೇ ಸ್ಥಾನ, ನಿಜ. ಎರಡು ಅಂಕಿ ಕೂಡಿಸಿ ಅರ್ಧ ಮಾಡಿದರೆ ಇನ್ನೊಂದು ಸ್ಥಾನ ಹುಟ್ಟುತ್ತದೆ. ಅದು ಹುಟ್ಟುತ್ತದೆಂದು ಅವನು ಎಣಿಸಿರಲಿಲ್ಲ. ಬಾಗಿಲು ಒಂದು ಗೇಣು ಅಗಲವಾಗಿತ್ತು. ಹುಲಿಗೆಮ್ಮ ಇನ್ನೂ ಒಳಗೇ ಉಳಿದಿದ್ದಳು.

ಅವನು ಗಾಡಿಯವನಿಗೆ ಫೋನ್ ಮಾಡಿದ. ಗಾಡಿಯವನು ಪಟ್ಟಿ ನೋಡಿದ. ಅಲ್ಲಿ ಏಳು ಇದೆ, ಏಳಿದ್ದವರನ್ನು ಹತ್ತಿಸಿದರೆ ಮೇಲಿನವರು ನನ್ನನ್ನು ಕೇಳುತ್ತಾರೆ ಎಂದ.

"ಆ ಪಟ್ಟಿ ಮಾಡಿದಾವ ನಾನು," ಎಂದ ಯಂಕೋಬ. "ಅದು ಸುಳ್ಳ ಐತಿ. ಗಾಡಿ ತಗೊಂಡು ಬಾ. ಕೇಳಿದ್ರ ನನ್ನ ಹೆಸರ ಹೇಳು."

ಗಾಡಿ ಬಂತು. ಹುಲಿಗೆಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, ಎಷ್ಟು ಕಡಿಮೆ ಇದೆ ಎಂದು ಕೇಳಿದಳು. ಕೂದಲೆಳೆಯಷ್ಟು ಎಂದ ಯಂಕೋಬ.

"ಅಷ್ಟಕ್ಕ ಹೋದ ಸಲ ಬಿಟ್ಟು ಹೋದ್ರೇನು?"

ಯಂಕೋಬ ಗಾಡಿಯ ಬಾಗಿಲು ತೆರೆದು ಹಿಡಿದ. ಎಸ್ತರ್ ಅವಳ ಪಕ್ಕ ಹತ್ತಿ ಕೂತಳು. ಗಾಡಿ ಹೋಯಿತು.

ಮರುದಿನ ಸಭೆ. ಯಂಕೋಬ ಎದ್ದು ನಿಂತ. ಒಬ್ಬರ ಹೆಸರು ಹೇಳಬೇಕೆಂದು ಬಂದಿದ್ದೆ, ಆ ಹೆಸರು ನನ್ನದೇ ಎಂದು ಹೇಳಿ, ಆದದ್ದನ್ನು ಆದಂತೆ ಹೇಳಿದ. ಹಿಂದಿನ ಸಾಲಿನಿಂದ ಯಾರೋ, ತಪ್ಪು ಮಾಡಿದ್ದು ಕಂಪ್ಯೂಟರ್ ಅಲ್ಲವೇ, ಬಿಡು ಎಂದರು. ಅವ್ವ ಆ ಕಡೆ ತಿರುಗಿ, ಆ ಮಾತನ್ನು ಕಚೇರಿಗಳಲ್ಲಿ ಬಹಳ ಕೇಳಿದ್ದೇನೆ, ಇಲ್ಲಿ ಬೇಡ ಎಂದಳು.

ಎಸ್ತರ್ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು ನೇರ ಸಭೆಗೆ ಬಂದಿದ್ದಳು. ಹುಲಿಗೆಮ್ಮನಿಗೆ ರಕ್ತ ಏರಿಸುತ್ತಿದ್ದಾರೆ ಎಂದಳು. ತಾನು ಇಲ್ಲಿ ಉಳಿಯಬೇಕಾದರೆ ಒಂದು ಮಾತು ನಡೆಯಬೇಕು ಎಂದಳು. ತಾನು ಒತ್ತುವ ಎರಡೂ ಅಂಕಿ ಇದ್ದಂತೆ ಉಳಿಯಬೇಕು, ಸರಾಸರಿಯ ಪಕ್ಕದಲ್ಲೇ ಎಲ್ಲರಿಗೂ ಕಾಣಬೇಕು.

"ನನ್ನ ಕೈ ಮ್ಯಾಲ ಇದ್ದದ್ದು ಪಟ್ಟಿ ಮ್ಯಾಲೂ ಇರಬೇಕು. ನಾಳೆ ಇನ್ನೊಬ್ಬಾವ ಬೆನ್ನ ಹತ್ತಿ ಬಂದ್ರ ಅವನ ಮುಖಕ್ಕ ಹಿಡೀಬೇಕು ನಾ."

ಯಂಕೋಬ ಅಂದೇ ಹಾಗೆ ಮಾಡಿದ. ಎಸ್ತರ್ ಪೆಟ್ಟಿಗೆ ಎತ್ತಿಕೊಂಡು ಊರ ಕಡೆ ಹೋದಳು. ಆಶ್ರಮ ಬಿಟ್ಟು ಹೋಗಲಿಲ್ಲ. ಅವನನ್ನು ಕ್ಷಮಿಸಲೂ ಇಲ್ಲ.

ಆ ವಾರವೆಲ್ಲ ಯಂಕೋಬ ಡೇಟಾಬೇಸಿನ ಮುಂದೆಯೇ ಕೂತ. ಫಂಕ್ಷನ್ ಒಂದನ್ನೂ ಬಿಡಲಿಲ್ಲ. ಯಾವುದನ್ನೂ ಕರೆಯಲಿಲ್ಲ. ಸೊನ್ನೆಯ ಸ್ಥಾನಕ್ಕೆ ಹೋಗಿ, ಏನು ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೀಯೆ ಎಂದು ಕೇಳುತ್ತ ಹೋದ. ಕೂಸಿನ ತೂಕ ಹೇಳುವುದನ್ನು ಕೇಳಿದ. ಔಷಧದ ಪ್ರಮಾಣ ಹೇಳುವುದನ್ನು ಕೇಳಿದ. ತಾನು ಖಾಲಿ ಬಿಟ್ಟ ಇನ್ನೂ ಕೆಲವು ಬಾಗಿಲು ಸಿಕ್ಕವು. ಒಂದೊಂದಕ್ಕೂ ಅಳತೆ ಬರೆದ.

ಮೊದಮೊದಲು ಹೆದರಿಕೆಗೆ ರಕ್ತದ ಫಂಕ್ಷನ್‌ಗೂ ಪಟ್ಟಿಯ ಅಂಕಣಕ್ಕೂ ಚುಕ್ಕೆಯ ಆಚೆ ಹತ್ತು ಸ್ಥಾನ ಕೊಟ್ಟಿದ್ದ. ಪಟ್ಟಿಯಲ್ಲಿ ಸೊನ್ನೆಗಳ ಬಾಲ ಬೆಳೆಯಿತು. ಅವ್ವ ಅದನ್ನು ನೋಡಿ, ಇಷ್ಟು ಸೂಕ್ಷ್ಮ ಯಾರು ಅಳೆದರು ಎಂದು ಕೇಳಿದಳು. ಯಾರೂ ಅಳೆದಿಲ್ಲ ಎಂದ. ಅಳೆಯದ್ದನ್ನು ಹೇಳುವುದಕ್ಕೆ ಏನೆನ್ನುತ್ತಾರೆ ಎಂದಳು. ಅವನು ಹೋಗಿ ಕಡಿಮೆ ಮಾಡಿದ. ರಕ್ತಕ್ಕೆ ಎರಡು ಸ್ಥಾನ ಉಳಿಸಿದ, ಪಟ್ಟಿಯ ಅಂಕಣಕ್ಕೂ ಎರಡು ಕೊಟ್ಟ.

ಸಂಜೆ ಅವ್ವ ನದಿಯಲ್ಲಿ ಕಾಲು ಇಳಿಬಿಟ್ಟು ಕಲ್ಲಿನ ಮೇಲೆ ಕೂತಿದ್ದಳು. ಯಂಕೋಬ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಬಹಳ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು.

ಎಲ್ಲ ಬಾಗಿಲೂ ಅಳೆದಾಯಿತು ಎಂದ. ತಾನು ಬರೆದದ್ದನ್ನು ನಂಬದೆ ಡೇಟಾಬೇಸನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ ಎಂದ. ಅವ್ವ ನೀರು ನೋಡುತ್ತಿದ್ದಳು.

"ಇನ್ನ ಯಾರೂ ಬಿಟ್ಟು ಹೋಗೂದಿಲ್ಲ, ಅವ್ವಾ. ಏಳಕ್ಕ ಒಂದ ಕೂದಲೆಳಿ ಕಡಿಮಿ ಇದ್ರೂ ಅಕಿ ಗಾಡಿ ಹತ್ತತಾಳ."

"ಏಳಕ್ಕ ಒಂದ ಕೂದಲೆಳಿ ಹೆಚ್ಚಿಗಿ ಇದ್ದಾಕಿ?"

"ಅಕಿ ಮನಿಗೆ, ಅವ್ವಾ. ನಿಯಮ ಹಂಗ ಐತಲ್ರಿ."

ಅವ್ವ ನೀರಿನಿಂದ ಕಾಲು ಎತ್ತಿದಳು. ಸೀರೆಯ ಅಂಚು ಹಿಂಡಿಕೊಂಡು ಎದ್ದಳು.

"ನಿಯಮದಾಗ ಏಳು ಅಂತ ಬರದವರ ಬಾಗಿಲದಾಗ ಪಾಯಿಂಟಿನ ಆಚೆ ಎಷ್ಟ ಜಾಗ ಇತ್ತು, ಕೇಳಿಯೇನು?"